ಹೊನ್ನಾವರದ ಬಾಕಿ

ನಮ್ಮ ಕಾಲೇಜಿನಲ್ಲಿ ವರ್ಷಕ್ಕೊಮ್ಮೆ, ಎರಡು ದಿನಗಳ ಮಟ್ಟಿಗೆ, ‘ಪರಂಪರೆಯ ಪ್ರವಾಸ’ ಎಂಬುದೊಂದು ನಡೆಯುತ್ತದೆ. ಶುಕ್ರವಾರ ರಾತ್ರಿ ಬೆಂಗಳೂರನ್ನು ಬಿಟ್ಟು, ಸೋಮವಾರ ಮೊದಲನೆಯ ಪೀರಿಯಡ್ಡಿನ ಹೊತ್ತಿಗೆ ಹಿಂದಿರುಗುವುದು ವಾಡಿಕೆ. ಹೊರಡುವ ಮುನ್ನ ಪ್ರಿನ್ಸಿಪಾಲರು ಮಕ್ಕಳನ್ನು ಕುರಿತು ನಾಲ್ಕು ಮಾತು ಆಡುತ್ತಾರೆ. ಆ ನಾಲ್ಕು ಮಾತಿನಲ್ಲಿ ‘ನಮ್ಮ ಹಿರಿಯರು ಬಿಟ್ಟುಹೋದ ಆಸ್ತಿ’ ಎಂಬುದು ಮೂರು ಸಲವಾದರೂ ಬರುತ್ತದೆ. ಈ ಸಲ ಹೊನ್ನಾವರಕ್ಕೆ ಹೋಗುವುದೆಂದು ಗೊತ್ತಾಗಿತ್ತು. ಭಾಷಣ ಮುಗಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆದರೆ ‘ಆಸ್ತಿ’ ಎಂಬ ಮಾತು ನನಗೆ ಆ ಸಂಜೆ ಎಂದಿನಂತೆ ಕೇಳಿಸಲಿಲ್ಲ. ನನ್ನ ಜೇಬಿನಲ್ಲಿ ಒಂದು ಲಕೋಟೆ ಇತ್ತು. ಅದರ ಸಂಗತಿಯನ್ನು ಮೊದಲು ಹೇಳಿಬಿಡುವುದು ಒಳ್ಳೆಯದು.

ನನ್ನ ತಂದೆ ಪ್ರಾಥಮಿಕ ಶಾಲೆಯ ಮಾಸ್ತರರು. ಘಟ್ಟದ ಮೇಲಿನವರಾದ ಅವರು ನಾಲ್ಕು ವರ್ಷ ಹೊನ್ನಾವರದ ಸಮೀಪ, ಹೊಳೆಯ ದಡದ ಒಂದು ಊರಿನಲ್ಲಿ ಕೆಲಸದ ಮೇಲಿದ್ದರು. ನಾನು ಹುಟ್ಟಿದ್ದು ಅಲ್ಲಿಯೇ, ೧೯೮೧ರ ಮಳೆಗಾಲದಲ್ಲಿ. ಹೋದ ವರ್ಷ ಅವರು ತೀರಿಕೊಂಡರು. ಅವರ ಪೆಟ್ಟಿಗೆಯನ್ನು ತೆಗೆದಾಗ ಮನೆಯ ಲೆಕ್ಕದ ಪುಸ್ತಕಗಳು ಸಿಕ್ಕಿದುವು. ಯುಗಾದಿಗೆ ಒಂದರಂತೆ ನಲವತ್ತಕ್ಕೂ ಮೇಲೆ. ಹಾಲು, ಪೇಪರು, ಮಕ್ಕಳ ಫೀಜು, ಮಾತ್ರೆ, ಎಲ್ಲವೂ ಕಾಸು ಕಾಸಿಗೂ ಬರೆದದ್ದು. ಪ್ರತಿಯೊಂದು ಪುಸ್ತಕದ ಮೊದಲ ಪುಟದಲ್ಲಿಯೂ ಒಂದೇ ಸಾಲು: ‘ಹೊನ್ನಾವರದ ಬಾಕಿ, ರೂ. ೩೦೦.’

ತಾಯಿಯನ್ನು ಕೇಳಿದೆ. ನಾನು ಹುಟ್ಟುವ ಹೊತ್ತಿಗೆ ಆಕೆಯ ಜೀವಕ್ಕೇ ಅಪಾಯವಾಗಿತ್ತಂತೆ. ಸುರಿಯುವ ಮಳೆಯಲ್ಲಿ, ನಡುರಾತ್ರಿ, ದೋಣಿಯಲ್ಲಿ ಹೊಳೆ ದಾಟಿಸಿ, ಜೀಪು ಮಾಡಿಕೊಂಡು ಆಸ್ಪತ್ರೆಗೆ ಸಾಗಿಸಿದರಂತೆ. ತಂದೆಯ ಕೈಯಲ್ಲಿ ಆ ತಿಂಗಳು ಹಣವಿರಲಿಲ್ಲ. ಹೊಳೆಯಿಂದ ಬಳಚಿನ ಚಿಪ್ಪು ತೆಗೆಸಿ, ಸುಟ್ಟು ಸುಣ್ಣ ಮಾಡಿ ಮಾರುತ್ತಿದ್ದ ಪಕ್ಕದ ಮನೆಯವರೊಬ್ಬರು, ಸುಣ್ಣ ಮಾರಿ ಬಂದ ಮುನ್ನೂರು ರೂಪಾಯಿಯನ್ನು ಎಣಿಸದೆ ಕೊಟ್ಟರಂತೆ. ಪತ್ರವಿಲ್ಲ, ಸಾಕ್ಷಿಯಿಲ್ಲ. ಎರಡು ತಿಂಗಳಲ್ಲಿ ತಂದೆಗೆ ಘಟ್ಟದ ಮೇಲಕ್ಕೆ ವರ್ಗವಾಯಿತು. ‘ಕಳಿಸಬೇಕು, ಕಳಿಸಬೇಕು ಅಂತಲೇ ಇದ್ದರು’ ಎಂದಳು ತಾಯಿ.

ನನ್ನ ತಂದೆ ಪರರ ಹಣವನ್ನು ನುಂಗುವವರಲ್ಲ. ಮೊದಲ ವರ್ಷ ಹಣವಿರಲಿಲ್ಲ. ಎರಡನೆಯ ವರ್ಷ ತಡವಾಯಿತೆಂದು ನಾಚಿಕೆ. ಆಮೇಲೆ ಮನಿಯಾರ್ಡರು ಮಾಡುವುದು ಮರ್ಯಾದೆಯಲ್ಲ, ತಾನೇ ಹೋಗಿ ಕೊಡಬೇಕೆಂಬ ಸಂಕಲ್ಪ. ಹೋಗುವುದು ಆಗಲೇ ಇಲ್ಲ. ಹೀಗಿದ್ದಿರಬೇಕೆಂದು ನಾನು ಊಹಿಸಿಕೊಂಡಿದ್ದೇನೆ. ಪ್ರತಿ ಯುಗಾದಿಯಲ್ಲೂ ಬಾಕಿಯನ್ನು ಹೊಸ ಪುಸ್ತಕಕ್ಕೆ ಎಳೆದುಕೊಂಡಾಗ ಅವರಿಗೆ ಏನೋ ಒಂದಿಷ್ಟು ಸಮಾಧಾನವಾಗುತ್ತಿದ್ದಿರಬೇಕು. ಮರೆಯಲಿಲ್ಲವಲ್ಲ ಎಂಬ ಸಮಾಧಾನ. ಮರೆಯದಿರುವುದೇ ತೀರಿಸಿದಂತೆ ಎಂದು ಮನಸ್ಸು ನಮ್ಮನ್ನು ಎಷ್ಟು ಸುಲಭವಾಗಿ ನಂಬಿಸುತ್ತದೆ!

ಪ್ರವಾಸದಲ್ಲಿ ನನ್ನ ಜೊತೆಗೆ ಬಂದಿದ್ದ ಚರಿತ್ರೆಯ ಅಧ್ಯಾಪಕರು ಕಾನೂನನ್ನೂ ಓದಿದವರು. ಬಸ್ಸಿನಲ್ಲಿ ಅವರಿಗೆ ವಿಷಯ ತಿಳಿಸಿದೆ. ‘ಸ್ವಾಮಿ, ಬರಹವಿಲ್ಲದ ಕೈಸಾಲಕ್ಕೆ ಮೂರು ವರ್ಷ ಅವಧಿ. ನಿಮ್ಮ ಸಾಲ ಸತ್ತು ನಲವತ್ತು ವರ್ಷವಾಯಿತು’ ಎಂದು ನಕ್ಕರು. ತಂದೆಯ ಸಾಲವನ್ನು ತೀರಿಸುವುದು ಮಗನ ಧರ್ಮ ಎಂಬ ಒಂದೇ ಕಾರಣದ ಮೇಲೆ ಮಗನನ್ನು ಕೋರ್ಟಿಗೆ ಎಳೆಯುವ ಹಾಗಿಲ್ಲವೆಂದು ಹಿಂದೂ ಉತ್ತರಾಧಿಕಾರ ಕಾಯಿದೆಗೆ ೨೦೦೫ರಲ್ಲಿ ಆದ ತಿದ್ದುಪಡಿಯೂ ಹೇಳುತ್ತದೆಯಂತೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟದ್ದೂ ಅದೇ ತಿದ್ದುಪಡಿ. ಪಾಲು ಹೆಚ್ಚಿತು, ಋಣ ಹಗುರವಾಯಿತು.

ಹಳೆಯ ಧರ್ಮಶಾಸ್ತ್ರ ಇಷ್ಟು ಉದಾರವಾಗಿರಲಿಲ್ಲ. ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯೆಯನ್ನು ಬರೆದ ವಿಜ್ಞಾನೇಶ್ವರ ನಮ್ಮವನೇ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬುದು ಅವನ ಮತ. ಆದರೆ ಹಕ್ಕಿನ ಬೆನ್ನಿಗೇ ಹೊರೆಯೂ ಉಂಟು. ತಂದೆಯ ಸಾಲವನ್ನು ಮಗ ತೀರಿಸಬೇಕು. ಎಲ್ಲ ಸಾಲವನ್ನೂ ಅಲ್ಲ. ಕುಡಿತಕ್ಕೆ, ಜೂಜಿಗೆ, ಕಾಮಕ್ಕೆ ಮಾಡಿದ ಸಾಲಕ್ಕೆ ಮಗ ಹೊಣೆಯಲ್ಲ. ಬೃಹಸ್ಪತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಲೆಕ್ಕ ಹಾಕಿದ್ದಾನೆ: ಮಗನಾದರೆ ಬಡ್ಡಿಸಹಿತ ಕೊಡಬೇಕು, ಮೊಮ್ಮಗನಾದರೆ ಅಸಲು ಮಾತ್ರ, ಮರಿಮಗ ಕೊಡಬೇಕಾದ್ದಿಲ್ಲ. ನಾನು ಮಗ. ಆದ್ದರಿಂದ ಬಡ್ಡಿಯನ್ನೂ ಸೇರಿಸಿ, ಕೈಗೆ ತೋಚಿದ ಲೆಕ್ಕದಲ್ಲಿ, ಹತ್ತು ಸಾವಿರ ರೂಪಾಯಿಯನ್ನು ಲಕೋಟೆಯಲ್ಲಿ ಇಟ್ಟುಕೊಂಡಿದ್ದೆ. ಅದಲ್ಲದೆ ಈ ಸಾಲದ ಫಲವನ್ನು ಉಂಡವನೂ ನಾನೇ. ಆ ರಾತ್ರಿ ಆ ಮುನ್ನೂರು ರೂಪಾಯಿ ಹುಟ್ಟದಿದ್ದರೆ ಈ ಲೇಖನ ಬರೆಯುವವನು ಇರುತ್ತಿದ್ದನೋ ಇಲ್ಲವೋ.

ಶನಿವಾರ ಬೆಳಗಿನ ಹೊತ್ತಿಗೆ ಸಾಗರವನ್ನು ದಾಟಿ, ಜೋಗವನ್ನು ನೋಡಿಕೊಂಡು, ಘಟ್ಟ ಇಳಿದೆವು. ಈ ದಾರಿಯಲ್ಲಿ ಹೋದವರಿಗೆ ತಿಳಿದಿರುತ್ತದೆ: ಶರಾವತಿಯೇ ಜೊತೆಗಾತಿ. ಗೇರುಸೊಪ್ಪೆಯ ಬಳಿ ನಗರಬಸ್ತಿಕೇರಿಯ ಕಾಡಿನಲ್ಲಿ ಚತುರ್ಮುಖ ಬಸದಿಯನ್ನು ನೋಡಿದೆವು. ನಾಲ್ಕು ದಿಕ್ಕಿಗೂ ಬಾಗಿಲು. ಒಳಗೆ ಬೆನ್ನಿಗೆ ಬೆನ್ನು ಕೊಟ್ಟು ನಾಲ್ಕು ದಿಕ್ಕಿಗೂ ಮುಖ ಮಾಡಿ ಕುಳಿತ ಜಿನರು. ಹೊರಗೆ ಪುರಾತತ್ತ್ವ ಇಲಾಖೆಯ ಬೋರ್ಡು. ಇಲ್ಲಿ ಒಂದು ರಾಜಧಾನಿಯಿತ್ತು, ಪೇಟೆಯಿತ್ತು ಎಂಬುದನ್ನು ನಂಬಬೇಕಾದರೆ ಕಾಡನ್ನು ಸ್ವಲ್ಪ ಹೊತ್ತು ಮರೆಯಬೇಕು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದರು. ಈ ಕಾಡಿನ ಕರಿಮೆಣಸು ಹೊಳೆಯುದ್ದಕ್ಕೂ ಇಳಿದು, ಹೊನ್ನಾವರದ ಅಳಿವೆಯನ್ನು ದಾಟಿ, ಸಮುದ್ರದ ಆಚೆಯ ಅಡಿಗೆಮನೆಗಳನ್ನು ಸೇರುತ್ತಿತ್ತು. ಕೊನೆಗೆ ರಾಜ್ಯ ಕೆಳದಿಯವರ ಪಾಲಾಯಿತು.

ಮಧ್ಯಾಹ್ನ ಹೊನ್ನಾವರ. ಚರಿತ್ರೆಯ ಅಧ್ಯಾಪಕರು ಹೊಳೆಯ ದಡದಲ್ಲಿ ನಿಂತು ಪಾಠ ಹೇಳಿದರು. ಹದಿನಾಲ್ಕನೆಯ ಶತಮಾನದ ನಡುವಿಗೆ ಇಬ್ನ್ ಬತೂತ ಇಲ್ಲಿಗೆ ಬಂದಿದ್ದ; ಈ ಊರಿನಲ್ಲಿ ಹೆಣ್ಣುಮಕ್ಕಳಿಗೆ ೧೩, ಗಂಡುಮಕ್ಕಳಿಗೆ ೨೩ ಶಾಲೆಗಳನ್ನು ಕಂಡೆನೆಂದು ಬರೆದ. ಹುಡುಗಿಯರು ಕೈ ತಟ್ಟಿದರು. ೧೫೦೫ರಲ್ಲಿ ಪೋರ್ಚುಗೀಸರ ಅಲ್ಮೇಡ ಇದೇ ಬಂದರಿನಲ್ಲಿ ನಿಂತಿದ್ದ ಹಡಗುಗಳಿಗೆ ಬೆಂಕಿಯಿಟ್ಟ. ಎಲ್ಲರೂ ಸುಮ್ಮನಾದರು. ಐದು ವರ್ಷದ ಮೇಲೆ, ೧೫೧೦ರಲ್ಲಿ, ಆಲ್ಬುಕರ್ಕನು ಗೋವೆಯನ್ನು ಹಿಡಿಯಲು ನೆರವಾದವನು ಇದೇ ಹೊನ್ನಾವರದ ತಿಮ್ಮೋಜ. ಆಮೇಲೆ ಕೋಟೆ ಪೋರ್ಚುಗೀಸರಿಗೆ, ಅವರಿಂದ ಕೆಳದಿಗೆ, ಅಲ್ಲಿಂದ ಹೈದರನಿಗೆ. ೧೭೮೩-೮೪ರಲ್ಲಿ ಇಂಗ್ಲಿಷರು ಒಳಗೆ, ಟಿಪ್ಪುವಿನ ಸೇನೆ ಹೊರಗೆ, ತಿಂಗಳುಗಟ್ಟಲೆ ಮುತ್ತಿಗೆ.

ಪಾಠ ಮುಗಿದ ಮೇಲೆ ಒಬ್ಬ ಹುಡುಗಿ ಎದ್ದಳು. ಬಿ.ಕಾಂ. ವಿದ್ಯಾರ್ಥಿನಿ, ಕನ್ನಡಕ್ಕೆ ಮಾತ್ರ ನನ್ನ ತರಗತಿಗೆ ಬರುವವಳು.

‘ಸರ್, ಹದಿಮೂರು ಶಾಲೆ ನಮ್ಮ ಪರಂಪರೆ ಅಂದಿರಿ. ಹಡಗು ಸುಟ್ಟವರು ಪರದೇಶದವರು ಅಂದಿರಿ. ಅವರಿಗೆ ಸಹಾಯ ಮಾಡಿದವನು ಈ ಊರಿನವನೇ ಅಂದಿರಿ. ಹಾಗಾದರೆ ಅವನು ಯಾರ ಪರಂಪರೆ?’

‘ಇತಿಹಾಸದಲ್ಲಿ ಎಲ್ಲ ಥರದವರೂ ಇರುತ್ತಾರಮ್ಮ’ ಎಂದರು ನನ್ನ ಸಹೋದ್ಯೋಗಿ.

‘ಹಾಗಲ್ಲ ಸರ್. ಬ್ಯಾಲೆನ್ಸ್ ಷೀಟಿನಲ್ಲಿ ಆಸ್ತಿಯೊಂದನ್ನೇ ತೋರಿಸಿದರೆ ನಮ್ಮ ಮೇಡಮ್ಮು ತಪ್ಪು ಹಾಕುತ್ತಾರೆ. ಇನ್ನೊಂದು ಕಡೆ ಸಾಲವನ್ನೂ ಬರೆಯಬೇಕು. ಪರಂಪರೆ ಆಸ್ತಿಯಾದರೆ ಅದರ ಸಾಲ ಎಲ್ಲಿ?’

ಎಲ್ಲರೂ ನಕ್ಕರು. ನಾನು ನಗಲಾರದೆ ಹೋದೆ. ಇಪ್ಪತ್ತು ವರ್ಷ ಪಾಠ ಹೇಳಿಯೂ ನನಗೆ ಹೊಳೆಯದಿದ್ದ ಪ್ರಶ್ನೆ ಅದು.

ರಾತ್ರಿ ಊಟವಾದ ಮೇಲೆ ನಮ್ಮಿಬ್ಬರಿಗೂ ಇದೇ ಚರ್ಚೆ. ಸಹೋದ್ಯೋಗಿಯ ವಾದವನ್ನು ನಾನು ತಳ್ಳಿಹಾಕಲಾರೆ. ‘ಹಳೆಯ ಲೆಕ್ಕವನ್ನು ಕೆದಕಲು ಹೊರಟರೆ ಅದಕ್ಕೆ ಕೊನೆಯಿಲ್ಲ. ಹಡಗು ಸುಟ್ಟದ್ದಕ್ಕೆ ಯಾರು ಯಾರಿಗೆ ಕೊಡಬೇಕು? ಕೊಟ್ಟವನ ವಂಶ, ಪಡೆದವನ ವಂಶ ಎರಡೂ ಕಾಲದಲ್ಲಿ ಕಲಸಿಹೋಗಿವೆ. ಸತ್ತವರ ಸಾಲವನ್ನು ಬದುಕಿದವರ ಕೊರಳಿಗೆ ಕಟ್ಟಲು ಹೊರಟವರೇ ಅಲ್ಲವೆ ನಮ್ಮ ದೇಶದಲ್ಲಿ ಬೆಂಕಿ ಹಚ್ಚುವವರು?’ ಎಂದರು. ಅದು ನಿಜ. ಐನೂರು ವರ್ಷದ ಹಿಂದಿನ ಬೂದಿಯನ್ನು ಕೆದಕಿ ಇಂದಿನ ನೆರೆಮನೆಯವನ ಮೇಲೆ ಎರಚುವುದು ಸಾಲ ವಸೂಲಿಯಲ್ಲ. ಹಾಗಾದರೆ ಎಲ್ಲವನ್ನೂ ಮನ್ನಾ ಮಾಡಿಬಿಡುವುದೆ? ಅದಕ್ಕೂ ಮನಸ್ಸು ಒಪ್ಪಲಿಲ್ಲ. ಯಾವ ಸಾಲ ಸತ್ತಿದೆ, ಯಾವುದು ಬದುಕಿದೆ ಎಂದು ತಿಳಿಯುವ ಒಂದು ಅಳತೆ ಬೇಕಾಗಿತ್ತು.

ಭಾನುವಾರ ಬೆಳಗ್ಗೆ ದೋಣಿಯಲ್ಲಿ ಅಳಿವೆಯನ್ನು ಸುತ್ತಿದೆವು. ಮೇಲೆ ಕೊಂಕಣ ರೈಲಿನ ಸೇತುವೆ, ಎರಡು ಕಿಲೋಮೀಟರಿಗೂ ಮಿಕ್ಕಿ ಉದ್ದ. ದಡದಲ್ಲಿ ಕಾಂಡ್ಲಾ ಕಾಡು. ಕೆಸರಿನಿಂದ ಬೆರಳುಗಳಂತೆ ಮೇಲಕ್ಕೆ ಚಾಚಿ ಉಸಿರಾಡುವ ಬೇರುಗಳು, ಅವುಗಳ ನಡುವೆ ಏಡಿಗಳ ಓಡಾಟ, ನಿಶ್ಚಲವಾಗಿ ನಿಂತ ಬೆಳ್ಳಕ್ಕಿ. ಒಬ್ಬ ಹುಡುಗ ಕೈ ಅದ್ದಿ ನೀರನ್ನು ನಾಲಗೆಗೆ ಮುಟ್ಟಿಸಿ, ‘ಸಮುದ್ರ ಇಷ್ಟು ಹತ್ತಿರವಿದ್ದರೂ ಉಪ್ಪೇ ಇಲ್ಲ!’ ಎಂದು ಕೂಗಿದ. ಎಲ್ಲರಿಗೂ ಸಂತೋಷ. ಸಿಹಿನೀರು ಒಳ್ಳೆಯದಲ್ಲವೆ? ದೋಣಿಯವನು ಮಾತ್ರ ಏನೂ ಹೇಳದೆ ಹುಟ್ಟು ಹಾಕುತ್ತಿದ್ದ.

ಮಧ್ಯಾಹ್ನ ಮಕ್ಕಳು ಕಾಸರಕೋಡಿನ ಕಡಲತೀರಕ್ಕೆ ಹೋದರು. ನಾನು ಆಟೋ ಮಾಡಿಕೊಂಡು ನಾನು ಹುಟ್ಟಿದ ಊರಿಗೆ ಹೋದೆ. ಸುಣ್ಣದವರ ಮನೆಯನ್ನು ಕಂಡುಹಿಡಿಯುವುದು ಕಷ್ಟವಾಗಲಿಲ್ಲ. ಅವರು ತೀರಿಕೊಂಡು ಬಹಳ ವರ್ಷವಾಗಿತ್ತು. ಮಗಳು ಇದ್ದಳು, ಅರವತ್ತು ದಾಟಿದ ಹೆಂಗಸು. ನನ್ನ ತಂದೆಯ ಹೆಸರು ಹೇಳಿದ ಕೂಡಲೇ, ‘ಘಟ್ಟದ ಮೇಲಿನ ಮಾಸ್ತರ ಮಗನಾ? ಆ ಮಳೇಲಿ ಹುಟ್ಟಿದ್ದು ನೀವೇಯಾ?’ ಎಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮುರುಗಲ ಪಾನಕ ಕೊಟ್ಟಳು. ನಾನು ಬಂದ ಕಾರಣವನ್ನು ಹೇಳಿ ಲಕೋಟೆಯನ್ನು ಮುಂದಿಟ್ಟೆ.

ಆಕೆ ಬೇಡವೆನ್ನುತ್ತಾಳೆ, ನಾನು ಒತ್ತಾಯ ಮಾಡುತ್ತೇನೆ, ಇಬ್ಬರ ಕಣ್ಣೂ ಒದ್ದೆಯಾಗುತ್ತವೆ ಎಂದು ದಾರಿಯುದ್ದಕ್ಕೂ ಕಲ್ಪಿಸಿಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಆಕೆ ಲಕೋಟೆಯನ್ನು ತೆರೆದು, ಐನೂರರ ಒಂದು ನೋಟನ್ನು ತೆಗೆದುಕೊಂಡು ಒಳಗೆ ಹೋದಳು. ಇನ್ನೂರು ರೂಪಾಯಿ ಚಿಲ್ಲರೆ ತಂದು ಉಳಿದ ಹಣದ ಮೇಲಿಟ್ಟು ನನ್ನ ಕಡೆಗೆ ಸರಿಸಿದಳು.

‘ಅಕ್ಕಾ, ಇಷ್ಟು ವರ್ಷದ ಬಡ್ಡಿ...’ ಎಂದೆ.

‘ಅಪ್ಪ ಬಡ್ಡಿಗೆ ಕೊಟ್ಟವರಲ್ಲ ಮಾಸ್ತರೇ. ಮುನ್ನೂರು ಅಪ್ಪಂದು. ಉಳಿದದ್ದು ನಮ್ಮದಲ್ಲ.’

ನನ್ನ ತಂದೆಯ ನಲವತ್ತು ವರ್ಷದ ಭಾರ ಎರಡು ನಿಮಿಷದಲ್ಲಿ ಇಳಿಯಿತು. ಇಷ್ಟು ಸುಲಭವಾಗಿತ್ತೆ ಎಂದು ವ್ಯಥೆಯೂ ಆಯಿತು. ಏನಾದರೂ ಮಾತನಾಡಬೇಕೆಂದು, ಈಗಲೂ ಸುಣ್ಣ ಸುಡುತ್ತೀರಾ ಎಂದು ಕೇಳಿದೆ.

‘ಚಿಪ್ಪು ಎಲ್ಲುಂಟು? ಬಳಚೇ ಇಲ್ಲ. ನಾನು ಹುಡುಗಿ ಆಗಿದ್ದಾಗ ಇಳಿತ ಆದ್ರೆ ಸಾಕು, ಹೆಂಗಸ್ರೆಲ್ಲಾ ಬುಟ್ಟಿ ತಗೊಂಡು ಹೊಳೆಗೆ ಇಳೀತಿದ್ವು. ಬರ್ತಾ ಬರ್ತಾ ಕಮ್ಮಿ ಆಯ್ತು. ಹೊಳೆ ಸಪ್ಪೆ ಆಯ್ತಲ್ಲ ಮಾಸ್ತರೇ. ಈಗ ಬೇಕಾದ್ರೆ ಅಘನಾಶಿನಿ ಬದಿಯಿಂದ ಬರ್ತದೆ, ದುಡ್ಡು ಕೊಟ್ಟು ತಗೊಳ್ಳೂದು.’

ಹೊಳೆ ಸಪ್ಪೆಯಾಯಿತು. ಬೆಳಗ್ಗೆ ಹುಡುಗ ಸಂತೋಷದಿಂದ ಕೂಗಿದ ಮಾತು. ಅದೇ ಮಾತು ಈಗ ಬೇರೆ ದನಿಯಲ್ಲಿ.

ಅಳಿವೆಯ ಬದುಕು ನಿಂತಿರುವುದೇ ಉಪ್ಪು ಮತ್ತು ಸಿಹಿಯ ಸರದಿಯ ಮೇಲೆ. ಮಳೆಗಾಲದಲ್ಲಿ ಹೊಳೆ ತುಂಬಿ ಉಪ್ಪನ್ನು ಹೊರಕ್ಕೆ ತಳ್ಳುತ್ತದೆ. ಬೇಸಗೆಯಲ್ಲಿ ಹೊಳೆ ಸೊರಗಿದಾಗ ಉಬ್ಬರದ ನೀರು ಬಹುದೂರ ಒಳಕ್ಕೆ ಬರುತ್ತದೆ. ಬಳಚು ಮೊದಲಾದ ಚಿಪ್ಪಿನ ಜೀವಿಗಳು ಬೆಳೆಯುವುದು ಆ ಉಪ್ಪಿನ ಕಾಲದಲ್ಲಿ. ೧೯೬೪ರಲ್ಲಿ ಮೇಲೆ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಶಕ್ತಿ ೧೦೩೫ ಮೆಗಾವಾಟ್. ಈ ಶತಮಾನದ ಆರಂಭದಲ್ಲಿ ಗೇರುಸೊಪ್ಪೆಯಲ್ಲಿ ಇನ್ನೊಂದು ಕಟ್ಟೆ, ೨೪೦ ಮೆಗಾವಾಟಿನ ಇನ್ನೊಂದು ವಿದ್ಯುದಾಗಾರ. ವಿದ್ಯುತ್ತು ತಯಾರಿಸಿದ ನೀರು ಬೇಸಗೆಯಲ್ಲಿಯೂ ಹೊಳೆಗೆ ಹರಿದುಬರುತ್ತದೆ. ಉಪ್ಪಿಗೆ ಒಳಗೆ ಬರಲು ಸರದಿಯೇ ಸಿಗುವುದಿಲ್ಲ. ಅಳಿವೆಯನ್ನು ಅಧ್ಯಯನ ಮಾಡಿದ ವಿಜ್ಞಾನಿಗಳು ಹೇಳುವುದೂ ಇದನ್ನೇ. ಕುಮಟೆಯ ಬಳಿ ಸಮುದ್ರ ಸೇರುವ ಅಘನಾಶಿನಿಗೆ ಇಂಥ ಅಣೆಕಟ್ಟು ಬರಲಿಲ್ಲ. ಅಲ್ಲಿ ಬಳಚು ಉಳಿದಿದೆ. ೨೦೨೪ರಲ್ಲಿ ಆ ಅಳಿವೆ ರಾಮ್ಸಾರ್ ಪಟ್ಟಿಗೂ ಸೇರಿತು. ಅಕ್ಕಪಕ್ಕದ ಎರಡು ಹೊಳೆಗಳು. ಒಂದು ಬೆಳಕು ಕೊಟ್ಟಿತು, ಒಂದು ಬಳಚು ಉಳಿಸಿಕೊಂಡಿತು.

ಹಿಂದಿರುಗುವ ಬಸ್ಸಿನಲ್ಲಿ ನನಗೆ ಬೇಕಾಗಿದ್ದ ಅಳತೆ ಸಿಕ್ಕಿತೆಂದು ತೋರಿತು. ಯಾವ ಸಾಲದ ಫಲವನ್ನು ನಾವು ಈ ಹೊತ್ತೂ ಉಣ್ಣುತ್ತಿದ್ದೇವೆಯೋ, ಯಾವ ಸಾಲಕ್ಕಾಗಿ ಕಳೆದುಕೊಂಡವರು ಈ ಹೊತ್ತೂ ಬದುಕಿದ್ದಾರೆಯೋ, ಆ ಸಾಲ ಬದುಕಿದೆ. ೧೫೦೫ರ ಹಡಗಿನ ಬೂದಿಯಿಂದ ನನಗೆ ಬಂದ ಲಾಭ ಯಾವುದೂ ನನಗೆ ಕಾಣುವುದಿಲ್ಲ. ಅದನ್ನು ಪಡೆದುಕೊಳ್ಳಬೇಕಾದವನ ಮನೆಯ ಬಾಗಿಲೂ ಗೊತ್ತಿಲ್ಲ. ಅಲ್ಲಿ ನನ್ನ ಕೆಲಸ ಸತ್ಯವನ್ನು ನೆನೆಯುವುದು ಮಾತ್ರ. ಆದರೆ ಶರಾವತಿಯ ಮಾತು ಹಾಗಲ್ಲ. ನನ್ನ ತಂದೆಯ ಕಾಲದ ದೇಶ ಮಾಡಿದ ಸಾಲ ಅದು. ಅದು ಜೂಜಿನ ಸಾಲವಲ್ಲ, ಕುಡಿತದ ಸಾಲವೂ ಅಲ್ಲ. ಕತ್ತಲೆಯ ನಾಡಿಗೆ ದೀಪ ತರಲು, ಕಾರ್ಖಾನೆ ನಡೆಸಲು, ನಮ್ಮಂಥವರ ಮಕ್ಕಳನ್ನು ಓದಿಸಲು ಮಾಡಿದ ಸಾಲ. ಸದುದ್ದೇಶದ ಸಾಲವಾದ್ದರಿಂದಲೇ ವಿಜ್ಞಾನೇಶ್ವರನ ನ್ಯಾಯದಲ್ಲಿ ಅದರಿಂದ ನಮಗೆ ಬಿಡುಗಡೆಯಿಲ್ಲ. ಕಟ್ಟಿದವರನ್ನು ನಾನು ಬಯ್ಯಲಾರೆ. ತಂದೆ ಆ ರಾತ್ರಿ ಸಾಲ ಮಾಡಿದ್ದು ತಪ್ಪೆಂದು ನಾನು ಹೇಗೆ ಹೇಳಲಿ? ಸಾಲ ಮಾಡಿದ್ದು ತಪ್ಪಲ್ಲ. ಪುಸ್ತಕದಿಂದ ಪುಸ್ತಕಕ್ಕೆ ಎಳೆಯುತ್ತ ಹೋದದ್ದು ತಪ್ಪು.

ತೀರಿಸುವುದು ಸಾಧ್ಯವೆ ಎಂದು ಸಹೋದ್ಯೋಗಿ ಕೇಳಿದರು. ಸ್ವಲ್ಪವಾದರೂ ಸಾಧ್ಯ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ದಾರಿ ಕಳೆದುಕೊಂಡು ಲಾಂಚನ್ನೇ ನಂಬಿದ್ದ ಸಾಗರದ ಸೀಮೆಯ ಊರುಗಳಿಗೆ ೨೦೨೫ರ ಜುಲೈಯಲ್ಲಿ ಸೇತುವೆ ತೆರೆಯಿತು. ಅರವತ್ತು ವರ್ಷ ಹಿಡಿಯಿತು. ಆದರೂ ಒಂದು ಕಂತು ಸಂದಾಯವಾಯಿತು. ಮುಳುಗಡೆಯಾದವರ ಭೂಮಿಯ ಹಕ್ಕುಪತ್ರದ ಕಂತು ಇನ್ನೂ ಬಾಕಿ. ಅಳಿವೆಯವರ ಕಂತಿನ ಮಾತನ್ನಂತೂ ನಮ್ಮ ಊರಿನಲ್ಲಿ ಯಾರೂ ಆಡಿದ್ದನ್ನು ನಾನು ಕೇಳಿಲ್ಲ. ಬೇಸಗೆಯಲ್ಲಿ ಎಷ್ಟು ನೀರು ಬಿಡಬೇಕು, ಯಾವಾಗ ಬಿಡಬೇಕು ಎಂಬುದನ್ನು ಗೊತ್ತುಮಾಡುವಾಗ ಉಪ್ಪನ್ನು ಬಲ್ಲ ಆ ಹೆಂಗಸರನ್ನೂ ಒಂದು ಮಾತು ಕೇಳುವುದು ಅಸಾಧ್ಯವಾದ ಸಂಗತಿಯೇನೂ ಅಲ್ಲ. ಈಚೆಗೆ ಇದೇ ಕಣಿವೆಯಲ್ಲಿ ೨೦೦೦ ಮೆಗಾವಾಟಿನ ಮತ್ತೊಂದು ಯೋಜನೆಯ ಪ್ರಸ್ತಾಪ ಬಂದು ವಿವಾದವೂ ಎದ್ದಿದೆ. ಅದರ ಗುಣದೋಷಗಳನ್ನು ತೂಗುವಷ್ಟು ನಾನು ಬಲ್ಲವನಲ್ಲ. ಹಳೆಯ ಬಾಕಿ ಎಷ್ಟೆಂದು ನೋಡದೆ ಹೊಸ ಸಾಲಕ್ಕೆ ಕೈ ನೀಡಬಾರದೆಂಬುದನ್ನು ಮಾತ್ರ ಯಾವ ಗೃಹಸ್ಥನಾದರೂ ಬಲ್ಲ.

ನನ್ನನ್ನು ಹೆದರಿಸುವುದು ಬೃಹಸ್ಪತಿಯ ಲೆಕ್ಕ. ಅಣೆಕಟ್ಟು ಕಟ್ಟಿದ ತಲೆಮಾರಿಗೆ ನಾನು ಮಗ, ಬಡ್ಡಿಸಹಿತ ಕೊಡಬೇಕಾದವನು. ನನ್ನ ತರಗತಿಯ ಹುಡುಗರು ಮೊಮ್ಮಕ್ಕಳು. ಅವರಿಗೆ ಅಸಲಾದರೂ ಉಂಟು. ಅವರ ಮಕ್ಕಳಿಗೆ ಶಾಸ್ತ್ರವೇ ಬಿಡುಗಡೆ ಕೊಟ್ಟುಬಿಡುತ್ತದೆ. ಅಷ್ಟು ಹೊತ್ತಿಗೆ ಬಳಚಿನ ರುಚಿಯನ್ನು ಬಲ್ಲವರೂ ಹೊಳೆಯ ದಡದಲ್ಲಿ ಇರುವುದಿಲ್ಲ. ಕೇಳುವವರಿಲ್ಲದೆ, ಕೊಡುವವರಿಲ್ಲದೆ ಸಾಲ ತಾನಾಗಿ ಸಾಯುತ್ತದೆ. ಆಮೇಲೆ ಇನ್ನೊಂದು ಕಾಲೇಜಿನವರು ಅಲ್ಲಿಗೆ ಪರಂಪರೆಯ ಪ್ರವಾಸಕ್ಕೆ ಹೋಗಿ, ಇಲ್ಲಿ ಹಿಂದೆ ಬಳಚು ಹೆಕ್ಕುತ್ತಿದ್ದರು ಎಂಬ ಬೋರ್ಡನ್ನು ಓದಿ ಬರಬಹುದು.

ಮನೆಗೆ ಬಂದ ರಾತ್ರಿ ತಂದೆಯ ಕೊನೆಯ ಪುಸ್ತಕವನ್ನು ತೆಗೆದೆ. ‘ಹೊನ್ನಾವರದ ಬಾಕಿ’ ಎಂಬ ಸಾಲಿನ ಮುಂದೆ ‘ಸಂದಾಯವಾಯಿತು’ ಎಂದು ಬರೆದು ತಾಯಿಗೆ ತೋರಿಸಿದೆ. ಆಕೆ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಅದರ ಕೆಳಗೆ ‘ಶರಾವತಿಯ ಬಾಕಿ’ ಎಂದು ಬರೆಯಬೇಕೆನಿಸಿತು, ಪೆನ್ನನ್ನೂ ಎತ್ತಿಕೊಂಡೆ. ಬರೆದರೆ ನನಗೂ ಆ ಹಳೆಯ ಸಮಾಧಾನ ಬಂದುಬಿಡುತ್ತದೆಯೆಂದು ಅಂಜಿ, ಪುಸ್ತಕವನ್ನು ಮುಚ್ಚಿ, ದೀಪ ಆರಿಸಿದೆ.